ಎಲೆ ಎತ್ತುವವರು ಯಾರು?

'ಎಲೆ ಎತ್ತೋ ಗುಂಡ ಅಂದರೆ ಉಂಡವರೆಷ್ಟು ಜನ ಎಂದನಂತೆ' ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಹೇಳಿದ ಕೆಲಸ ಬಿಟ್ಟು ಲೆಕ್ಕ ಕೇಳುತ್ತ ನಿಲ್ಲುವ ಮೈಗಳ್ಳನನ್ನು ಹಂಗಿಸಲು ಹುಟ್ಟಿದ ಮಾತು ಅದು. ಆದರೆ ಅದರೊಳಗೆ ಇನ್ನೊಂದು ಸಂಗತಿಯೂ ಅಡಗಿದೆ. ಊರೂಟದಲ್ಲಿ ಅಡುಗೆಗೆ, ಬಡಿಸುವುದಕ್ಕೆ ಜನ ತಾವಾಗಿ ಮುಂದೆ ಬರುತ್ತಿದ್ದರು. ಎಲೆ ಎತ್ತಲು ಮಾತ್ರ ಯಾರಿಗಾದರೂ ಹೇಳಬೇಕಾಗಿತ್ತು. ಮದುವೆ ಮಂಟಪ, ಜಾತ್ರೆ, ಗಣೇಶೋತ್ಸವಗಳ ಹಿಂಬದಿಯಲ್ಲಿ ಗುಡ್ಡೆ ಬೀಳುವ ತಟ್ಟೆ ಲೋಟಗಳ ಚರಿತ್ರೆಯನ್ನು ಇಲ್ಲಿಂದಲೇ ಹಿಡಿಯಬಹುದು.

ಬಯಲುಸೀಮೆಯಲ್ಲಿ ಮದುವೆ ಗೊತ್ತಾಯಿತೆಂದರೆ ಮುತ್ತುಗದ ಎಲೆ ತಂದು, ಕಡ್ಡಿ ಚುಚ್ಚಿ, ಊಟದೆಲೆ ಹಚ್ಚುವ ಕೆಲಸ ಜಗಲಿಯ ಮೇಲೆ ಆರಂಭವಾಗುತ್ತಿತ್ತು. ಉತ್ತರ ಕರ್ನಾಟಕದವರಿಗೆ ಅದು ಪತ್ರಾವಳಿ, ಹಳೇ ಮೈಸೂರಿನವರಿಗೆ ಇಸ್ತ್ರಿ ಎಲೆ. ಕರಾವಳಿ, ಮಲೆನಾಡುಗಳಲ್ಲಿ ಬಾಳೆಲೆಗೆ ಬರವಿರಲಿಲ್ಲ. ಅಡಿಕೆ ತೋಟದವರಿಗೆ ಹಾಳೆಯೂ ಇತ್ತು. ಪಾಯಸಕ್ಕೆ ದೊನ್ನೆ. ಉಂಡ ಎಲೆಯನ್ನು ಹಿತ್ತಲಿಗೆ ಎಸೆದರೆ ದನ ತಿನ್ನುತ್ತಿತ್ತು, ಉಳಿದದ್ದು ತಿಪ್ಪೆ ಸೇರಿ ಮುಂದಿನ ಬೆಳೆಗೆ ಗೊಬ್ಬರವಾಗುತ್ತಿತ್ತು. ಎಸೆಯುವುದು ಆಗ ತಪ್ಪಾಗಿರಲಿಲ್ಲ. ಎಲೆ ಹೋಗಿ ಪ್ಲಾಸ್ಟಿಕ್ ಬಂದರೂ ಎಸೆಯುವ ಕೈ ಹಾಗೆಯೇ ಉಳಿಯಿತು. ದನ ಈಗಲೂ ಆ ಗುಡ್ಡೆಗೆ ಬಾಯಿ ಹಾಕುತ್ತದೆ.

ಪಾತ್ರೆಯ ಕಥೆಯೂ ಸ್ವಾರಸ್ಯಕರ. ಸಾವಿರ ಜನಕ್ಕೆ ಅನ್ನ ಬೇಯಿಸುವ ಕೊಪ್ಪರಿಗೆ, ಹಂಡೆಗಳನ್ನು ಒಂದೊಂದು ಮನೆಯವರೂ ಇಟ್ಟುಕೊಳ್ಳಲು ಸಾಧ್ಯವೆ? ಎಷ್ಟೋ ಊರುಗಳಲ್ಲಿ ಅವು ದೇವಸ್ಥಾನದ ಅಥವಾ ಊರೊಟ್ಟಿನ ಸ್ವತ್ತು. ಬೇಕಾದವರು ಒಯ್ದು, ತೊಳೆದು ತಂದೊಪ್ಪಿಸಬೇಕು. ಕಂಠದ ಮೇಲೆ ದಾನಿಯ ಹೆಸರು ಕೊರೆದಿರುತ್ತಿತ್ತು; ಅದು ಪುಣ್ಯದ ದಾಖಲೆಯೂ ಹೌದು, ಪಾತ್ರೆ ಕಳೆಯದಂತೆ ಕಾವಲೂ ಹೌದು. ಹೊಲದ ಕೆಲಸಕ್ಕೆ ಮುಯ್ಯಾಳು ಇದ್ದಂತೆ ಊಟದ ಕೆಲಸಕ್ಕೂ ಮುಯ್ಯಿ ಇತ್ತು. ಹಿಂದಿನ ರಾತ್ರಿಯೇ ನೆರೆಹೊರೆಯವರು ಈಳಿಗೆಮಣೆ ಹಿಡಿದು ತರಕಾರಿ ಹೆಚ್ಚಲು ಬಂದು ಕೂರುತ್ತಿದ್ದರು. ಸ್ವಯಂಸೇವೆ ಎಂಬ ಹೆಸರನ್ನು ಅದಕ್ಕೆ ಯಾರೂ ಕೊಟ್ಟಿರಲಿಲ್ಲ.

ಹಾಗೆಂದು ಆ ಕಾಲವನ್ನು ಹಾಡಿ ಹೊಗಳಿ ಸುಮ್ಮನಾಗುವಂತಿಲ್ಲ. ತರಕಾರಿ ಹೆಚ್ಚುವ ಕೈಗೂ ಎಂಜಲೆಲೆ ಎತ್ತುವ ಕೈಗೂ ನಡುವೆ ಜಾತಿಯ ಗೋಡೆ ಇತ್ತು. ಪಂಕ್ತಿ ಮುಗಿದ ಮೇಲೆ ಎಲೆಯಲ್ಲಿ ಉಳಿದ ಅನ್ನಕ್ಕಾಗಿ ದೂರದಲ್ಲಿ ಕಾದು ನಿಂತವರ ಚಿತ್ರ ದಲಿತ ಆತ್ಮಕಥೆಗಳಲ್ಲಿ ಸಿಗುತ್ತದೆ. 1997ರಲ್ಲಿ ಬಂದ ಓಂಪ್ರಕಾಶ್ ವಾಲ್ಮೀಕಿಯವರ ಹಿಂದಿ ಆತ್ಮಕಥೆಯ ಹೆಸರೇ 'ಜೂಠನ್', ಎಂದರೆ ಎಂಜಲು. ಊಟ ಸಾಮೂಹಿಕ, ಎಂಜಲು ಮಾತ್ರ ಒಬ್ಬರ ಪಾಲಿಗೆ ಎಂಬ ಈ ಏರ್ಪಾಡನ್ನು ನೆನಪಿನಲ್ಲಿಟ್ಟುಕೊಳ್ಳದೆ ಬಿಸಾಡುವ ತಟ್ಟೆಗೆ ಸಿಕ್ಕ ಸ್ವಾಗತ ಅರ್ಥವಾಗುವುದಿಲ್ಲ.

ಬಿಸಾಡುವ ಲೋಟ ಹುಟ್ಟಿದ್ದು ಬೇರೊಂದು ಎಂಜಲಿನ ಭಯದಿಂದ. ಅಮೆರಿಕದ ರೈಲುಗಳಲ್ಲಿ, ಶಾಲೆಗಳಲ್ಲಿ ನೀರಿನ ತೊಟ್ಟಿಗೆ ಒಂದೇ ಲೋಟ ಕಟ್ಟಿರುತ್ತಿತ್ತು. ರೋಗಿಯೂ ನಿರೋಗಿಯೂ ಅದರಲ್ಲೇ ಕುಡಿಯಬೇಕು. ಕ್ಷಯ ಹರಡುತ್ತದೆಂದು ಕ್ಯಾನ್ಸಸ್ ರಾಜ್ಯ 1909ರಲ್ಲಿ ಆ ಲೋಟವನ್ನು ನಿಷೇಧಿಸಿತು. ಆ ಹೊತ್ತಿಗಾಗಲೇ ಬಂದಿದ್ದ ಕಾಗದದ ಲೋಟಕ್ಕೆ ಇದರಿಂದ ಅದೃಷ್ಟ ಖುಲಾಯಿಸಿತು. ಆರೋಗ್ಯಕ್ಕಾಗಿ ಬಂದದ್ದು ಅರ್ಧ ಶತಮಾನದಲ್ಲಿ ಸುಖದ ಸಂಕೇತವಾಯಿತು. 1955ರಲ್ಲಿ 'ಲೈಫ್' ಪತ್ರಿಕೆ ತಟ್ಟೆ, ಲೋಟ, ಚಮಚಗಳನ್ನು ಗಾಳಿಗೆ ತೂರುವ ಸಂಸಾರವೊಂದರ ಚಿತ್ರ ಅಚ್ಚುಹಾಕಿ, ಇನ್ನು ಗೃಹಿಣಿಗೆ ಪಾತ್ರೆ ತೊಳೆಯುವ ಕಾಟವಿಲ್ಲ ಎಂದು ಸಂಭ್ರಮಿಸಿತು.

ಈ ಸುಖ ನಮ್ಮಲ್ಲಿಗೆ ಬರುವ ಹೊತ್ತಿಗೆ ಮುಯ್ಯಿಯ ನಂಟು ಸಡಿಲವಾಗಿತ್ತು. ಮಕ್ಕಳು ಪಟ್ಟಣ ಸೇರಿದ್ದರು, ಅಡುಗೆ ಗುತ್ತಿಗೆಗೆ ಹೋಗಿತ್ತು, ಪಂಕ್ತಿಯ ಪಕ್ಕದಲ್ಲಿ ಬಫೆ ಬಂದಿತ್ತು. ನಿಂತು ಉಣ್ಣುವವರಿಗೆ ಬಾಳೆಲೆ ಕೊಟ್ಟು ಏನು ಪ್ರಯೋಜನ? ಥರ್ಮೋಕೋಲ್ ತಟ್ಟೆ ಹಗುರ, ಅಗ್ಗ. ಎಲ್ಲಕ್ಕಿಂತ ಮುಖ್ಯವಾಗಿ ಅದನ್ನು ತೊಳೆಯಲು ಯಾರನ್ನೂ ಕರೆಯಬೇಕಿರಲಿಲ್ಲ. ಒಬ್ಬ ಅತಿಥಿಗೆ ತಟ್ಟೆ, ನೀರಿನ ಲೋಟ, ಪಾಯಸದ ಬಟ್ಟಲು, ಚಮಚ ಎಂದು ಹಿಡಿದರೂ ಸಾವಿರ ಜನರ ಊಟಕ್ಕೆ ನಾಲ್ಕು ಸಾವಿರ ವಸ್ತುಗಳು, ಅರ್ಧ ಗಂಟೆಯ ಆಯುಷ್ಯ. ಇದಕ್ಕೂ ಜಾತಿ ತಗುಲದೆ ಇರಲಿಲ್ಲ. ಎರಡು ಲೋಟದ ಪದ್ಧತಿಗೆ ಕಾನೂನಿನ ಭಯ ಬಂದಾಗ, ಕೆಲವು ಚಹಾದಂಗಡಿಗಳಲ್ಲಿ ದಲಿತರಿಗೆ ಬಿಸಾಡುವ ಲೋಟ, ಉಳಿದವರಿಗೆ ಸ್ಟೀಲ್ ಲೋಟ ಎಂಬ ಹೊಸ ನಾಜೂಕು ಕಾಣಿಸಿಕೊಂಡಿತು.

ಕಾನೂನು ತಡವಾಗಿಯಾದರೂ ಬಂತು. ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಕೈಚೀಲ, ಬ್ಯಾನರ್‌ಗಳ ಜೊತೆಗೆ ತಟ್ಟೆ, ಲೋಟ, ಚಮಚ, ಊಟದ ಮೇಜಿನ ಮೇಲೆ ಹಾಸುವ ಹಾಳೆ, ಇವುಗಳ ಥರ್ಮೋಕೋಲ್ ರೂಪಗಳನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ ದೇಶಾದ್ಯಂತ ಇಂಥದೇ ನಿಷೇಧ ಜಾರಿಗೆ ಬಂದಿದೆ. ಆದರೆ ಒಳಗೆ ತೆಳು ಪ್ಲಾಸ್ಟಿಕ್ ಲೇಪವಿರುವ ಕಾಗದದ ಲೋಟ, ಎರಡು ಗುಟುಕಿನ ನೀರಿನ ಬಾಟಲಿ ಆ ಕಟ್ಟಳೆಯ ಬದಿಯಿಂದ ನುಸುಳಿಕೊಂಡವು. ನಿಷೇಧವು ತಟ್ಟೆಯನ್ನು ಕಿತ್ತುಕೊಳ್ಳಬಲ್ಲದು, ತೊಳೆಯುವ ಕೈಯನ್ನು ತಂದುಕೊಡಲಾರದು.

ಆ ಕೈಯ ಪ್ರಶ್ನೆಯನ್ನು ಗಾಂಧೀಜಿ 1901ರಷ್ಟು ಹಿಂದೆಯೇ ಎತ್ತಿದ್ದರು. ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಶೌಚಾಲಯಗಳ ಗಲೀಜನ್ನು ಸ್ವಯಂಸೇವಕರಿಗೆ ತೋರಿಸಿದಾಗ, ಅದು ತಮ್ಮ ಕೆಲಸವಲ್ಲ, ಜಾಡಮಾಲಿಯದು ಎಂಬ ಉತ್ತರ ಬಂತು. ಅವರು ಪೊರಕೆ ಕೇಳಿ ಪಡೆದು ತಾವೇ ಗುಡಿಸಿದರೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಇಪ್ಪತ್ತಮೂರು ವರ್ಷಗಳ ನಂತರ, 1924ರ ಡಿಸೆಂಬರ್‌ನಲ್ಲಿ, ಅವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಬೆಳಗಾವಿಯಲ್ಲಿ ನಡೆಯಿತು. ಗಂಗಾಧರರಾವ್ ದೇಶಪಾಂಡೆಯವರ ವ್ಯವಸ್ಥೆ, ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ತರಬೇತಿ ಕೊಟ್ಟ ಸೇವಾದಳದ ದಂಡು. ನೀರಿಗೆಂದು ಬಾವಿಯನ್ನೇ ತೋಡಿದ್ದರು. ಟಿಳಕವಾಡಿಯಲ್ಲಿ ಅದು ಇಂದಿಗೂ ಕಾಂಗ್ರೆಸ್ ಬಾವಿ. ಇಲ್ಲಿ ಶುಚಿತ್ವದ ಕೆಲಸಕ್ಕೆ ಮೇಲ್ಜಾತಿಯ ಸ್ವಯಂಸೇವಕರೂ ಇಳಿದರು. ಸಿಖ್ಖರ ಲಂಗರಿನಲ್ಲಂತೂ ಇದು ಶತಮಾನಗಳ ರೂಢಿ: ಅಮೃತಸರದಲ್ಲಿ ಅಪರಿಚಿತರು ಉಂಡ ಸ್ಟೀಲ್ ತಟ್ಟೆಯನ್ನು ಅಪರಿಚಿತರೇ ತೊಳೆಯುತ್ತಾರೆ, ಅದಕ್ಕೆ ಸೇವೆ ಎನ್ನುತ್ತಾರೆ.

ನೆರೆಯ ಕೇರಳ ಇದನ್ನು ಸರ್ಕಾರಿ ಶಿಸ್ತಾಗಿ ಮಾಡಿ ನೋಡಿತು. 2015ರಲ್ಲಿ ಅಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಶುಚಿತ್ವ ಮಿಷನ್ 'ಹಸಿರು ಶಿಷ್ಟಾಚಾರ' ಜಾರಿಗೆ ತಂದು, ಬಿಸಾಡುವ ಲೋಟಗಳ ಜಾಗದಲ್ಲಿ ಸ್ಟೀಲ್ ಲೋಟ ಇಟ್ಟು, ನಿಗಾಕ್ಕೆ ಸ್ವಯಂಸೇವಕರನ್ನು ನಿಲ್ಲಿಸಿತು. ಅನಂತರ ಅಟ್ಟುಕಾಲ್ ಪೊಂಗಾಲದಂಥ ಲಕ್ಷಾಂತರ ಹೆಂಗಸರು ಸೇರುವ ಉತ್ಸವಕ್ಕೂ ಅದು ಹಬ್ಬಿತು. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆಯ 'ಪ್ಲೇಟ್ ಬ್ಯಾಂಕ್' ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟಗಳನ್ನು ಕೊಟ್ಟು ವಾಪಸು ಪಡೆಯುತ್ತದೆ. ಬಡಾವಣೆಗಳ ನಿವಾಸಿಗಳೂ ಚಿಕ್ಕ ಪ್ರಮಾಣದಲ್ಲಿ ಇಂಥ ಸಂಗ್ರಹ ಕಟ್ಟಿಕೊಂಡಿದ್ದಾರೆ. ಹೆಸರು ಬ್ಯಾಂಕ್ ಆದರೂ ಇದು ದೇವಸ್ಥಾನದ ಕೊಪ್ಪರಿಗೆಯ ಮೊಮ್ಮಗುವೇ ಸರಿ.

ಮಾಡುವವರಿಗೆ ಗೊತ್ತು, ಇದು ಭಾಷಣದಷ್ಟು ಸುಲಭವಲ್ಲ. ಮೊದಲು ಉಳಿದ ಅನ್ನವನ್ನು ಹಸಿಕಸದ ಬುಟ್ಟಿಗೆ ಕೆರೆಯಬೇಕು. ಒಂದು ತೊಟ್ಟಿ ಸೋಪಿನ ನೀರಿಗೆ, ಇನ್ನೊಂದು ಜಾಲಿಸಲು, ಸಾಧ್ಯವಾದರೆ ಮೂರನೆಯದು ಬಿಸಿನೀರಿಗೆ. ಒರೆಸಿ, ಎಣಿಸಿ, ಚೀಲ ತುಂಬಬೇಕು. ಚಮಚಗಳು ಲೆಕ್ಕಕ್ಕೆ ಸಿಗುವುದೇ ಕಷ್ಟ. ಅವು ಎಂಜಲಿನ ಜೊತೆ ಕಸದ ಬುಟ್ಟಿಗೇ ಬೀಳುತ್ತವೆ. ಜೊತೆಗೆ ನೀರಿನ ಪ್ರಶ್ನೆ. 2024ರ ಬೇಸಿಗೆಯ ಬವಣೆಯಲ್ಲಿ ಬೆಂಗಳೂರಿನ ಕೆಲವು ಮನೆಗಳು ನಿತ್ಯದ ಊಟಕ್ಕೂ ಬಿಸಾಡುವ ತಟ್ಟೆ ಹಿಡಿದವು. ಬಾವಿ ಬತ್ತಿದ ಊರಿಗೆ ಸ್ಟೀಲ್ ತಟ್ಟೆಯ ಉಪದೇಶ ಹಿಡಿಸಲಾರದು; ಅಲ್ಲಿ ಅಡಿಕೆ ಹಾಳೆ, ಮುತ್ತುಗದ ಎಲೆಗಳೇ ಹೆಚ್ಚು ವಿವೇಕದ ದಾರಿ. ಎಲೆಯಾದರೂ ಅದನ್ನು ಪ್ಲಾಸ್ಟಿಕ್ಕಿನಿಂದ ಬೇರ್ಪಡಿಸಿ ಗೊಬ್ಬರದ ಗುಂಡಿ ಮುಟ್ಟಿಸಲು ಒಬ್ಬರು ನಿಲ್ಲಲೇಬೇಕು.

ತಟ್ಟೆ ಎರವಲು ಕೊಡುವವರು ಕೇಳಬೇಕಾದ ಪ್ರಶ್ನೆಗಳಾದರೂ ಎರಡೇ. ಉಣ್ಣುವವರು ಎಷ್ಟು ಜನ? ತೊಳೆಯಲು ಬರುವವರು ಯಾರು? ಮೊದಲನೆಯದಕ್ಕೆ ಎಲ್ಲರೂ ಥಟ್ಟನೆ ಉತ್ತರ ಕೊಡುತ್ತಾರೆ.