ನಾಲ್ಕು ಗಂಟೆಯ ಮೌನ



ನನ್ನ ಸೋದರಮಾವನವರು ರೈಲ್ವೆಯಲ್ಲಿದ್ದರೆಂಬುದನ್ನು ನಿಮ್ಮಲ್ಲಿ ಕೆಲವರು ಬಲ್ಲಿರಿ. 1970ರ ಸುಮಾರಿಗೆ, ಬೇಸಿಗೆಯ ರಜೆಯಲ್ಲಿ, ನಾನು ಅವರೊಡನೆ ಯಲಹಂಕದ ನಿಲ್ದಾಣಕ್ಕೆ ಹೋಗುತ್ತಿದ್ದೆ. ಒಂದು ಕಡೆ ಹಿಂದೂಪುರದತ್ತ ಸಾಗುವ ಮೀಟರ್ ಗೇಜ್ ಹಳಿ, ಇನ್ನೊಂದು ಕಡೆ ಚಿಕ್ಕಬಳ್ಳಾಪುರದತ್ತ ಸಾಗುವ ನ್ಯಾರೋ ಗೇಜ್ ಹಳಿ. ಆದರೆ ಎಂಜಿನ್ನುಗಳಿಗಿಂತ ಹೆಚ್ಚಾಗಿ ನನ್ನನ್ನು ಸೆಳೆದದ್ದು, ಸಂಜೆ ನಾಲ್ಕಕ್ಕೆ ಸ್ಟೇಷನ್ ಮಾಸ್ತರರ ಕೊಠಡಿಯಲ್ಲಿ ಕವಿಯುತ್ತಿದ್ದ ಮೌನ. ಮಾವ ಕಂಟ್ರೋಲ್ ಫೋನನ್ನು ಕಿವಿಗೆ ಹಿಡಿದು, ಗೋಡೆಯ ಗಡಿಯಾರವನ್ನೇ ನೋಡುತ್ತ ನಿಲ್ಲುತ್ತಿದ್ದರು. ನಾನು ಬಾಯಿ ತೆರೆದರೆ ಕಣ್ಣಲ್ಲೇ ಗದರಿಸುತ್ತಿದ್ದರು.

ಆ ಮೌನದ ಹಿಂದೆ ದೊಡ್ಡದೊಂದು ಇತಿಹಾಸವಿದೆಯೆಂದು ತಿಳಿದದ್ದು ನಾನು ಮೇಷ್ಟರಾದ ಮೇಲೆ.

ಈಸ್ಟ್ ಇಂಡಿಯಾ ಕಂಪನಿಯು 1792ರಲ್ಲಿ ಮದರಾಸಿನ ನುಂಗಂಬಾಕದಲ್ಲಿ ಖಗೋಳ ವೀಕ್ಷಣಾಲಯವೊಂದನ್ನು ಕಟ್ಟಿಸಿತು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲೂ ತಂತಿಯೂ ಹಬ್ಬಿದಾಗ, ಅಲ್ಲಿನ ಗಡಿಯಾರದ ಸಮಯವೇ ರೈಲ್ವೆಯ ಸಮಯವಾಯಿತು. ನಿತ್ಯವೂ ಸಂಜೆ ನಾಲ್ಕಕ್ಕೆ ಅದನ್ನು ತಂತಿಯ ಮೂಲಕ ಕಳುಹಿಸುತ್ತಿದ್ದರು. ತರಗತಿಯಲ್ಲಿ ಮಾಡಿಸಿದ ಲೆಕ್ಕ ನೆನಪಿದೆಯೇ? ರೇಖಾಂಶ ಒಂದು ಡಿಗ್ರಿ ಸರಿದರೆ ಸಮಯ ನಾಲ್ಕು ನಿಮಿಷ ಸರಿಯುತ್ತದೆ. ಆ ಪ್ರಕಾರ ಬೆಂಗಳೂರಿನ ಸೂರ್ಯ ಮದರಾಸಿಗಿಂತ ಸುಮಾರು ಹತ್ತೂವರೆ ನಿಮಿಷ ತಡವಾಗಿ ನೆತ್ತಿಗೇರುತ್ತಾನೆ. ಊರೂರಿಗೂ ಅದರದೇ ಮಧ್ಯಾಹ್ನವಾದರೆ ರೈಲು ಓಡಿಸುವುದು ಹೇಗೆ? 1906ರ ಜನವರಿ 1ರಂದು 82½ ಡಿಗ್ರಿ ರೇಖಾಂಶವನ್ನು ಆಧರಿಸಿದ ಭಾರತೀಯ ಕಾಲಮಾನ ಬಂದಿತು. ನಾಲ್ಕು ಗಂಟೆಯ ಪದ್ಧತಿ ಮಾತ್ರ ಉಳಿಯಿತು. ಪ್ರತಿದಿನ 16.00 ಗಂಟೆಗೆ ಮುಖ್ಯ ನಿಲ್ದಾಣಗಳಿಗೆ ಸಮಯ ತಿಳಿಸಬೇಕೆಂದು ರೈಲ್ವೆಯ ಸಾಮಾನ್ಯ ನಿಯಮಗಳಲ್ಲಿಯೇ ಬರೆದಿದೆ.

ಇದರ ಸ್ವಾರಸ್ಯವಿರುವುದು ಆ ಒಂದೇ ತಂತಿಯಲ್ಲಿ. ಕಂಟ್ರೋಲ್ ಫೋನಿನ ಒಂದು ಸಾಲಿಗೆ ಹತ್ತಾರು ನಿಲ್ದಾಣಗಳು ಸೇರಿರುತ್ತಿದ್ದವು. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು. ಇಬ್ಬರು ಒಟ್ಟಿಗೆ ಮಾತಾಡಿದರೆ ಯಾರ ಮಾತೂ ತಿಳಿಯದು. ಇದೊಂದು ಕೊರತೆ. ಆದರೆ ಎಲ್ಲರೂ ಸುಮ್ಮನಾದರೆ, ಒಬ್ಬರು ಹೇಳಿದ್ದು ಅದೇ ಕ್ಷಣದಲ್ಲಿ ಎಲ್ಲರಿಗೂ ಕೇಳುತ್ತದೆ! ಕೊರತೆಯೇ ಅನುಕೂಲವಾಯಿತು. ಎಲ್ಲ ಗಡಿಯಾರಗಳೂ ಒಂದಾದವು.

“ಮಾವ, ಅರ್ಧ ನಿಮಿಷ ಹೆಚ್ಚುಕಡಿಮೆಯಾದರೆ ಏನಂತೆ?” ಎಂದು ಒಮ್ಮೆ ಕೇಳಿದ್ದೆ. “ಒಂಟಿ ಹಳಿ ಕಣಯ್ಯಾ. ರೈಲು ಬಿಟ್ಟ ಹೊತ್ತನ್ನು ನಾನು ಬರೆಯುತ್ತೇನೆ, ಸೇರಿದ ಹೊತ್ತನ್ನು ಮುಂದಿನ ಸ್ಟೇಷನ್ನಿನವರು ಬರೆಯುತ್ತಾರೆ. ಎರಡು ಪುಸ್ತಕ ತಾಳೆಯಾಗದಿದ್ದರೆ, ನಾಳೆ ಏನಾದರೂ ಆದಾಗ ನಿಜ ಹೇಳುವವರು ಯಾರು?” ಎಂದರು.

ಆ ಮಾತಿನ ತೂಕ ತಿಳಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಒಂದು ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನನ್ನ ಕೈಗಡಿಯಾರವನ್ನೇ ನಂಬಿ, ಬರೆಯುತ್ತಿದ್ದ ಹುಡುಗಿಯೊಬ್ಬಳಿಂದ ಉತ್ತರಪತ್ರಿಕೆಯನ್ನು ಕಿತ್ತುಕೊಂಡೆ. ಅವಳು ಏನನ್ನೋ ಹೇಳಲು ಹೊರಟಳು; ನಾನು ಕೇಳಲಿಲ್ಲ. ಪಕ್ಕದ ಕೊಠಡಿಯವರು ಇನ್ನೂ ಐದು ನಿಮಿಷ ಬರೆಯುತ್ತಿದ್ದರು. ಗಂಟೆ ಬಾರಿಸಿದಾಗ ತಪ್ಪು ತಿಳಿಯಿತು. ಆಗಲೂ, ಮೇಷ್ಟರೆಂಬ ಬಿಗುಮಾನದಿಂದ, ಅದನ್ನು ಒಪ್ಪಿಕೊಳ್ಳಲಿಲ್ಲ.

ಮರುದಿನದಿಂದ ಆಕಾಶವಾಣಿಯ ವಾರ್ತೆಗೆ ಮುನ್ನ ಗಡಿಯಾರ ಸರಿಮಾಡಿಕೊಳ್ಳುವುದು ರೂಢಿಯಾಯಿತು. ಈಗ ನಿಲ್ದಾಣಗಳಿಗೆ ಉಪಗ್ರಹದಿಂದ ಸಮಯ ಪಡೆಯುವ ಗಡಿಯಾರಗಳು ಬಂದಿವೆ, ಮೊಬೈಲುಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ. ಮನುಷ್ಯರು ಮಾತ್ರ ಇಂದಿಗೂ ದಿನಕ್ಕೊಮ್ಮೆಯಾದರೂ ಸುಮ್ಮನಾಗಿ ಇನ್ನೊಬ್ಬರ ಮಾತಿಗೆ ಕಿವಿಗೊಡಬೇಕು.

ಆ ಹುಡುಗಿ ಇದನ್ನು ಓದುತ್ತಿದ್ದರೆ: ಅಮ್ಮಾ, ತಪ್ಪು ನನ್ನ ಗಡಿಯಾರದ್ದಲ್ಲ, ನನ್ನದೇ. ಕ್ಷಮಿಸು.