ಅಜ್ಜ ಇರೋ ಕ್ಯಾಸೆಟ್ಟು

ಕಳೆದ ದೀಪಾವಳಿಗೆ ಹುಲಕೋಟಿಗೆ ಹೋದಾಗ ಟ್ರಂಕಿನಲ್ಲಿ ಅಪ್ಪ-ಅವ್ವನ ಮದುವೆ ಕ್ಯಾಸೆಟ್ ಸಿಕ್ತು. 1994ರದ್ದು. "ಅದ್ರಾಗ ನಿಮ್ಮಜ್ಜಾರು ಅದಾರ, ಹಾಕಿ ತೋರ್ಸು" ಅಂದಳು ಅಜ್ಜಿ. ನಾನು ಹುಟ್ಟೋ ಮೊದಲೇ ತೀರಿಕೊಂಡ ಅಜ್ಜನ ದನಿ ನಾನು ಕೇಳೇ ಇಲ್ಲ.

ಆದ್ರೆ ಹಾಕೋದು ಯಾವುದಕ್ಕೆ? ಜಪಾನಿನ ಜೆವಿಸಿ ಕಂಪನಿ ವಿಎಚ್‌ಎಸ್ ತಂದಿದ್ದು 1976ರಲ್ಲಿ. ನಮ್ಮಲ್ಲಿ 1982ರ ಏಷ್ಯಾಡ್ ಹೊತ್ತಿಗೆ ಬಣ್ಣದ ಟಿವಿ ಬಂತು. ಬೆನ್ನಿಗೇ ಬಾಡಿಗೆ ವಿಸಿಆರ್, ಮದುವೆ ವಿಡಿಯೋ. 2016ರ ಜುಲೈನಲ್ಲಿ ಫುನಾಯ್ ಕಂಪನಿಯೂ ವಿಸಿಆರ್ ತಯಾರಿಸೋದು ನಿಲ್ಲಿಸಿತು. ಅಲ್ಲಿಗೆ ಹೊಸ ಮಷಿನ್ ಕಥೆ ಮುಗೀತು.

ಗದಗದಲ್ಲಿ ಹುಡುಕಿ ಹಳೇದೊಂದು ತಂದೆ. ಟೇಪಿನ ಅಂಚಿಗೆ ಬಿಳಿ ಬೂಷ್ಟು! ಹಾಗೇ ಹಾಕಿದ್ರೆ ಅದು ಹೆಡ್ಡಿಗೆ ಮೆತ್ತಿಕೊಳ್ಳುತ್ತೆ, ಟೇಪೂ ಹರಿಯಬಹುದು. ಒಣಗಿಸಿ, ಒರೆಸಿ, ಕ್ಯಾಪ್ಚರ್ ಡಿವೈಸ್ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿದೆ. ಫೈಲ್ ಕಾಪಿ ಮಾಡಿದ ಹಾಗಲ್ಲ ಸ್ವಾಮಿ, ಮೂರು ತಾಸಿನ ಟೇಪಿಗೆ ಮೂರು ತಾಸು ಕೂರಲೇಬೇಕು.

ಅಜ್ಜ ಬಂದ. ಪಂಕ್ತಿ ಮಧ್ಯೆ ನಿಂತು ಏನೋ ಹೇಳ್ತಿದಾನೆ. ಆದ್ರೆ ಆಗಿನ ಮದುವೆ ವಿಡಿಯೋಗಳ ಚಾಳಿಯಂತೆ, ಮಿಕ್ಸಿಂಗ್ ಮಾಡೋವಾಗ ಮೂಲ ದನಿ ಅಳಿಸಿ ಸಿನಿಮಾ ಹಾಡು ತುಂಬಿಬಿಟ್ಟಿದ್ರು. ಯಾವ ಸಾಫ್ಟ್‌ವೇರೂ ಅದನ್ನ ವಾಪಸ್ ತರೋದಿಲ್ಲ.

ಅಜ್ಜಿ ಮಾತ್ರ ಅಜ್ಜನ ತುಟಿ ನೋಡಿ ಅಂದಳು: "ಇನ್ನೊಂದು ಹೋಳಿಗಿ ಹಾಕ್ರಿ ಅವರಿಗೆ, ಅನ್ನಾಕತ್ತಾರ."