ಖಯಾಲಿ: ನೆರಳಿನಿಂದ ದಸ್ಕತ್ತಿನವರೆಗೆ

ಕುಡಿತಕ್ಕೆ ಬಿದ್ದವನದು ಚಟ. ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯುವವನದು ಗೀಳು. ಹೊಲ ಮಾರಿ ನಾಟಕ ಕಂಪನಿ ಕಟ್ಟಿದವನದು ಹುಚ್ಚು. ಆದರೆ ಸಂತೆಗೆಂದು ಹೊರಟವನು ದಾರಿಯುದ್ದಕ್ಕೂ ಹಾಡೊಂದನ್ನು ಗುನುಗುತ್ತ ಹೋಗಿ, ತರಬೇಕಾದ ಸಾಮಾನನ್ನೇ ಮರೆತು ಬಂದರೆ ರಾಯಚೂರು ಸೀಮೆಯ ಮಂದಿ ನಕ್ಕು ಸುಮ್ಮನಾಗುತ್ತಾರೆ: ‘ಬಿಡ್ರಿ, ಅವಗ ಅದರದೇ ಖಯಾಲಿ ಹತ್ಯಾದ.’ ಈ ಮಾತು ಬೈಗುಳವೂ ಆಗದು, ಹೊಗಳಿಕೆಯೂ ಆಗದು. ಮನುಷ್ಯನನ್ನು ಅವನ ಪಾಡಿಗೆ ಬಿಡುವ ಒಂದು ಸಣ್ಣ ರಿಯಾಯಿತಿ ಅಷ್ಟೆ.

ಈ ಪದಗಳ ಜೊತೆ ಬರುವ ಕ್ರಿಯಾಪದಗಳನ್ನು ನೋಡಿ. ಹುಚ್ಚು ಹಿಡಿಯುತ್ತದೆ, ಗೀಳು ಅಂಟುತ್ತದೆ, ಚಟ ಹತ್ತುತ್ತದೆ, ಖಯಾಲಿ ಬರುತ್ತದೆ, ಇಲ್ಲವೇ ಅದೂ ಹತ್ತುತ್ತದೆ. ‘ನಾನು ಖಯಾಲಿ ಮಾಡಿದೆ’ ಎಂದು ಯಾವ ಕನ್ನಡಿಗನೂ ಹೇಳುವುದಿಲ್ಲ. ಕರ್ತೃವಿನ ಜಾಗದಲ್ಲಿ ಖಯಾಲಿ ಕೂತಿರುತ್ತದೆ. ಮನುಷ್ಯ ‘ಅವನಿಗೆ’, ‘ಅವಳಿಗೆ’ ಎಂದು ಚತುರ್ಥಿಯಲ್ಲಿ ಕೈಕಟ್ಟಿ ನಿಂತಿರುತ್ತಾನೆ. ಒಂದು ಸಂಗತಿ ಒಬ್ಬನನ್ನೇ ಏಕೆ ಹಿಡಿಯಿತು, ಪಕ್ಕದವನನ್ನು ಏಕೆ ಬಿಟ್ಟಿತು ಎಂಬುದಕ್ಕೆ ನಮ್ಮ ವ್ಯಾಕರಣ ಕೊಡುವ ಉತ್ತರ ಇಷ್ಟೇ: ಅದು ಹೊರಗಿನಿಂದ ಬಂತು.

ಪದದ ಮೂಲವೂ ಇದನ್ನೇ ಹೇಳುತ್ತದೆ. ಅರಬ್ಬಿಯ ‘ಖಯಾಲ್’ ಮೊದಲಿಗೆ ವಿಚಾರವಾಗಿರಲಿಲ್ಲ, ಕಣ್ಣಿಗೆ ಕಂಡ ಆಕೃತಿಯಾಗಿತ್ತು. ಕನ್ನಡಿಯಲ್ಲಿ ಮೂಡಿದ ಬಿಂಬ ಖಯಾಲ್. ಕನಸಿನಲ್ಲಿ ಬಂದು ನಿಂತ ಮೂರ್ತಿಯೂ ಖಯಾಲ್. ಪ್ರಾಣಿಪಕ್ಷಿಗಳು ಮನುಷ್ಯನೆಂದು ಬೆದರಲಿ ಎಂದು ಹೊಲದಲ್ಲಿ ನಿಲ್ಲಿಸುವ ಬೆದರುಗೊಂಬೆಗೂ ಅದೇ ಹೆಸರು. ಹಳೆಯ ಅರಬ್ಬಿ ಕವಿಗಳಲ್ಲಿ ದೂರವಾದ ನಲ್ಲೆಯ ‘ಖಯಾಲ್’ ಮರುಭೂಮಿ ದಾಟಿ ಬಂದು ಮಲಗಿದವನನ್ನು ಎಬ್ಬಿಸುವುದು ಒಂದು ಕವಿಸಮಯವೇ ಆಗಿತ್ತು. ತೊಗಲುಗೊಂಬೆಯಂಥ ನೆರಳಾಟಕ್ಕೆ ‘ಖಯಾಲ್ ಅಲ್-ಝಿಲ್’ ಎಂದರು. 13ನೆಯ ಶತಮಾನದ ಕೈರೋದಲ್ಲಿ ಇಬ್ನ್ ದಾನಿಯಾಲ್ ಅದಕ್ಕಾಗಿಯೇ ನಾಟಕ ಬರೆದ. ಪರ್ಷಿಯನ್ನಿಗೆ ಬರುವ ಹೊತ್ತಿಗೆ ನೆರಳು ತಲೆಯೊಳಗೆ ಸೇರಿ ಕಲ್ಪನೆಯಾಯಿತು, ಆಲೋಚನೆಯಾಯಿತು.

ಕನ್ನಡದಲ್ಲಿ ಇದೇ ದಾರಿಯನ್ನು ಒಂಟಿಯಾಗಿ ನಡೆದ ಪದವೊಂದಿದೆ: ಮರುಳು. ಹಳಗನ್ನಡದ ‘ಮರುಳ್’ ರಣರಂಗದಲ್ಲಿ ಹೆಣಗಳ ನಡುವೆ ಕುಣಿಯುವ ಪಿಶಾಚಿ. ಭ್ರಾಂತಿಗೂ ಅದೇ ಹೆಸರು. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನಿಗೆ ಎದುರಾಗುವ ಮರುಳು, ನಿಜವಾದ ಮರುಳು ನೀನೇ ಎಂದು ಅವನನ್ನೇ ಹಂಗಿಸುತ್ತದೆ. ಛಲವೊಂದಕ್ಕೇ ಬಿದ್ದು ವಂಶವನ್ನೇ ಕಳೆದುಕೊಂಡವನಿಗೆ ದೆವ್ವ ಹೇಳಿದ ಬುದ್ಧಿ ಅದು. ಅರಬ್ಬಿಯ ನೆರಳು, ಕನ್ನಡದ ದೆವ್ವ. ಸಂಬಂಧವೇ ಇಲ್ಲದ ಎರಡು ಭಾಷೆಗಳು ಮನಸ್ಸು ಹಿಡಿತ ತಪ್ಪುವುದಕ್ಕೆ ಒಂದೇ ಬಗೆಯ ಕಾರಣ ಕಂಡುಕೊಂಡವು.

ಖಯಾಲಿನ ಬಳಗದಲ್ಲಿ ಇನ್ನೊಂದು ಪದವುಂಟು: ‘ಖೈಲ್’, ಅಂದರೆ ಕುದುರೆಗಳು. ಕುದುರೆಯ ಬಿಂಕದ ನಡೆಯಿಂದ ಈ ಹೆಸರು ಬಂತೆಂದು ಅರಬ್ಬಿ ನಿಘಂಟುಕಾರರು ನಂಟು ಹೇಳುತ್ತಾರೆ. ರಾಯಚೂರಿಗೆ ಖಯಾಲ್‌ಗಿಂತ ದುಬಾರಿಯಾಗಿ ಬಿದ್ದದ್ದು ಈ ಖೈಲ್. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲಶಾಹನ ಮೇಲೆ ಇಲ್ಲಿ ಯುದ್ಧಕ್ಕೆ ಬಂದದ್ದಕ್ಕೆ ಪೋರ್ಚುಗೀಸ್ ವರ್ತಕ ನೂನಿಜ್ ಕೊಡುವ ನೆಪ ಕುದುರೆಯದೇ: ಗೋವೆಯಲ್ಲಿ ಕುದುರೆ ಕೊಳ್ಳಲೆಂದು 40,000 ಪರ್ದಾವು ಹೊನ್ನು ಕೊಟ್ಟು ಕಳಿಸಿದ ವ್ಯಾಪಾರಿ ಬಿಜಾಪುರದ ಕಡೆ ಓಡಿಹೋದನಂತೆ.

ಬಹಮನಿಗಳು, ಆದಿಲಶಾಹಿಗಳು, ಮೊಗಲರು, ಆಮೇಲೆ 1948ರವರೆಗೆ ನಿಜಾಮರು. ಕೃಷ್ಣೆ-ತುಂಗಭದ್ರೆಯರ ನಡುವಿನ ಈ ದೋಆಬಿನಲ್ಲಿ ಪರ್ಷಿಯನ್ ಮತ್ತು ಉರ್ದು ಪದಗಳು ದಫ್ತರಿನಲ್ಲಿ ಕೂತು, ಓಣಿಯ ದಖನಿಯಲ್ಲಿ ಬೆಳೆದು, ಕನ್ನಡದ ಪಡಸಾಲೆಗೆ ಬಂದವು. ಒಳಗೆ ಬಿಡುವಾಗ ಕನ್ನಡ ಸೋಸಿಯೇ ಬಿಟ್ಟಿತು. ಉರ್ದುವಿನಲ್ಲಿ ಖಯಾಲ್ ಎಂದರೆ ಅಭಿಪ್ರಾಯವೂ ಹೌದು, ಕಾಳಜಿಯೂ ಹೌದು. ಅಭಿಪ್ರಾಯಕ್ಕೆ, ಕಾಳಜಿಗೆ ನಮ್ಮಲ್ಲಿ ಮಾತುಗಳಿದ್ದವು. ಅವೆರಡೂ ಹೊಸ್ತಿಲಾಚೆ ಉಳಿದವು. ಒಳಗೆ ಬಂದದ್ದು ಅದೊಂದರದೇ ಧ್ಯಾನ ಎಂಬ ಅರ್ಥ.

ಬರುವಾಗ ರೂಪವೂ ಬದಲಾಯಿತು. ಉರ್ದುವಿನಲ್ಲಿ ‘ಖಯಾಲಿ’ ವಿಶೇಷಣ: ಕಲ್ಪನೆಯದು, ಇಲ್ಲದ್ದು. ಅಕ್ಕಿಯಿಲ್ಲದೆ ಬೇಯಿಸುವ ಮನೋರಾಜ್ಯದ ಅಡುಗೆ ‘ಖಯಾಲಿ ಪುಲಾವ್’. ಕನ್ನಡದಲ್ಲಿ ಅದು ನಾಮಪದವಾಗಿ ಕೂತಿತು. ಹೀಗೆ ಬಾಲದ ‘ಇ’ಕಾರದೊಂದಿಗೆ ಬಂದು ಅರ್ಥ ಬದಲಿಸಿದವು ಬೇರೆಯೂ ಇವೆ. ‘ಶೌಕ್’ ಎಂದರೆ ಹಂಬಲ. ನಮ್ಮ ‘ಶೋಕಿ’ ಇಸ್ತ್ರಿ ಅಂಗಿಯ ಮೆರೆದಾಟ. ಉರ್ದುವಿನ ‘ದಲಾಲಿ’ ಮಧ್ಯಸ್ಥಿಕೆಯ ಕಸುಬು ಮತ್ತು ಅದರ ಕಮಿಷನ್. ರಾಯಚೂರಿನ ಹತ್ತಿ-ಭತ್ತದ ಮಾರುಕಟ್ಟೆಯಲ್ಲಿ ‘ದಲ್ಲಾಳಿ’ ಎಂದರೆ ಗಾದಿಯ ಮೇಲೆ ಕೂತ ಮನುಷ್ಯ. ಇಲ್ಲದ್ದನ್ನು ಹೇಳುತ್ತಿದ್ದ ಖಯಾಲಿಯೂ ಹಾಗೆಯೇ ಕನ್ನಡದಲ್ಲಿ ಉಂಟಾದ ವಸ್ತುವಾಯಿತು.

ಇದರ ಬಳಗದವಕ್ಕೆಲ್ಲ ಇರುವ ಒಂದು ಸೌಲಭ್ಯ ಮಾತ್ರ ಖಯಾಲಿಗಿಲ್ಲ. ಹುಚ್ಚು ಹಿಡಿದವ ಹುಚ್ಚ, ಮರುಳಾದವ ಮರುಳ, ಶೋಕಿಯವ ಶೋಕಿಲಾಲ, ಹವ್ಯಾಸದವ ಹವ್ಯಾಸಿ. ಖಯಾಲಿಯವನಿಗೆ? ‘ಖಯಾಲಿಗ’ ಎಂಬ ಪದ ಹುಟ್ಟಲೇ ಇಲ್ಲ. ಊರು ಅವನಿಗೆ ಹೆಸರಿಡುವ ತೊಂದರೆ ತೆಗೆದುಕೊಳ್ಳಲಿಲ್ಲ. ಹಾಗಾಗಿ ತನ್ನನ್ನು ಹಿಡಿದದ್ದು ತನ್ನನ್ನು ಏನು ಮಾಡಿತು ಎಂದು ಹೇಳಿಕೊಳ್ಳುವ ಹೊಣೆ ಅವನ ಮೇಲೆಯೇ ಬಿತ್ತು. ಅರಸನಾದರೆ ಊರಿಗೇ ಹೆಸರಿಟ್ಟಾನು. ರಾಯಚೂರನ್ನೂ ಆಳಿದ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹ (ಆಳ್ವಿಕೆ 1580-1627) ‘ನವರಸ’ ಎಂಬ ಒಂದು ಮಾತಿಗೆ ಮನಸೋತು, ದಖನಿಯಲ್ಲಿ ‘ಕಿತಾಬ್-ಎ-ನವರಸ್’ ಬರೆದ. ಸಾಲದೆಂದು ಬಿಜಾಪುರದ ಪಕ್ಕ ನವರಸಪುರವನ್ನೇ ಕಟ್ಟಿಸಹೊರಟ. ಬಡ ಹಾರುವ, ಬಡ ಕವಿ ಏನು ಮಾಡಬೇಕು? ತನ್ನ ಹೆಸರನ್ನೇ ಬದಲಿಸಿಕೊಳ್ಳಬೇಕು.

ಇದೇ ರಾಯಚೂರು ಸೀಮೆಯ ಮಾನ್ವಿ-ದೇವದುರ್ಗದ ಹರಿದಾಸರು ಮಾಡಿದ್ದು ಅದನ್ನೇ. ತುಂಗಭದ್ರೆಯ ದಂಡೆಯ ಚೀಕಲಪರವಿಯ ದಾಸಪ್ಪ (1682-1755) ಬಡತನಕ್ಕೆ ಬೇಸತ್ತು ಕಾಶಿಗೆ ಹೋದಾಗ ಕನಸಿನಲ್ಲಿ ಪುರಂದರದಾಸರು ಬಂದು ‘ವಿಜಯವಿಠಲ’ ಅಂಕಿತ ಕೊಟ್ಟರೆಂದು ಸಂಪ್ರದಾಯ ಹೇಳುತ್ತದೆ. ಕನಸಿನಲ್ಲಿ ಬಂದು ನಿಂತ ಮೂರ್ತಿ: ಅರಬ್ಬಿಯ ಮೊದಲ ಅರ್ಥದ ಖಯಾಲ್ ಎಂದರೆ ಇದೇ. ದಾಸಪ್ಪ ವಿಜಯದಾಸರಾದರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಭಾಗಣ್ಣ ಅವರಿಂದ ಅಂಕಿತ ಪಡೆದು ಗೋಪಾಲದಾಸರಾದರು.

ಮೂರನೆಯ ಕಥೆ ಇನ್ನೂ ಸೊಗಸು. ಮಾನ್ವಿ ಸೀಮೆಯ ಬ್ಯಾಗವಾಟದ ಶ್ರೀನಿವಾಸಾಚಾರ್ಯರು (1728-1809) ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುತ್ತ ತಿರುಗುವ ದಾಸರೆಂದರೆ ಅವರಿಗೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆಪ ಹೇಳಿದರು. ನೆಪದ ನೋವು ನಿಜದ ನೋವಾಗಿ ಕಾಡಿತು. ಕೊನೆಗೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಕೊಟ್ಟು ಉಳಿಸಿದರು. ಇದು ಭಕ್ತರು ಹೇಳುತ್ತ ಬಂದ ಕಥೆ. ಪದದ ಬೆನ್ನುಹತ್ತಿದವನಿಗೆ ಇದರಲ್ಲಿ ಖಯಾಲಿಯ ಎರಡೂ ಅರ್ಥ ಸಿಗುತ್ತವೆ: ಉರ್ದುವಿನ ಅರ್ಥದಲ್ಲಿ ಅವರದು ಖಯಾಲಿ ಬೇನೆ, ಇಲ್ಲದ ಬೇನೆ, ಅದೇ ಅವರನ್ನು ಕನ್ನಡದ ಅರ್ಥದ ಖಯಾಲಿಗೆ ಒಯ್ದು ಬಿಟ್ಟಿತು. ತಾವು ಹೀನವೆಂದುಕೊಂಡಿದ್ದ ಕನ್ನಡದಲ್ಲೇ, ಭಾಮಿನಿ ಷಟ್ಪದಿಯಲ್ಲಿ, ಅವರು ಜಗನ್ನಾಥದಾಸರಾಗಿ ‘ಹರಿಕಥಾಮೃತಸಾರ’ ಬರೆದರು. ಮಾನ್ವಿಯಲ್ಲಿ ಇಂದು ಶ್ರೀನಿವಾಸಾಚಾರ್ಯ ಎಂದು ಕೇಳಿದರೆ ಯಾವ ಆಚಾರ್ಯ ಎಂದಾರು. ಜಗನ್ನಾಥದಾಸರು ಎಂದರೆ ಅವರ ಮನೆಯವರೆಗೆ ಕರೆದೊಯ್ಯುತ್ತಾರೆ.

‘ಅಂಕಿತ’ ಎಂದರೆ ಗುರುತು ಒತ್ತಿಸಿಕೊಂಡದ್ದು. ‘ಅಂಕ’ವೆಂದರೆ ಗುರುತು, ಕಲೆ, ಬರೆ. ಮೈಮೇಲೆ ಶಂಖಚಕ್ರಗಳ ತಪ್ತಮುದ್ರೆ ಧರಿಸುವ ಮಾಧ್ವರಿಗೆ ಈ ಅರ್ಥ ವಿವರಿಸಬೇಕಿಲ್ಲ. ಕೀರ್ತನೆಯ ಕೊನೆಗೆ ಬರುವ ಹೆಸರು ಬರೆದವನದೆಂದು ನಾವು ಹೇಳುತ್ತೇವೆ. ನೋಡಿದರೆ ಅದು ಅವನನ್ನು ಹಿಡಿದವನ ಹೆಸರು. ವಚನಕಾರರಲ್ಲೂ ಅದೇ ಪದ್ಧತಿ. ಇಂದು ರಾಜ್ಯಪಾಲರು ಮಸೂದೆಗೆ ‘ಅಂಕಿತ ಹಾಕುವಾಗ’ ಬೀಳುವುದು ಅವರದೇ ಹೆಸರು. ಪದ ಅಷ್ಟರಮಟ್ಟಿಗೆ ತಿರುವುಮುರುವಾಗಿದೆ.

ವಿಜಯದಾಸರು ಇಲ್ಲಿ ಸುಳಾದಿ ಕಟ್ಟುತ್ತಿದ್ದ ಕಾಲದಲ್ಲೇ ದಿಲ್ಲಿಯಲ್ಲಿ ಮುಹಮ್ಮದ್ ಶಾಹನ (ಆಳ್ವಿಕೆ 1719-1748) ಆಸ್ಥಾನದ ನಿಯಾಮತ್ ಖಾನ್ ‘ಖಯಾಲ್’ ಎಂಬ ಗಾಯನಶೈಲಿಗೆ ಕಳೆ ತರುತ್ತಿದ್ದ. ಅವನ ಬಂದಿಶುಗಳಲ್ಲಿ ‘ಸದಾರಂಗ್’ ಎಂಬ ಮುದ್ರೆ ಇರುತ್ತದೆ. ಜಗತ್ತು ಅವನನ್ನು ಕರೆಯುವುದೂ ಆ ಮುದ್ರೆಯಿಂದಲೇ. ಆ ಗಾಯನ ರಾಯಚೂರಿಗೂ ಬಂತು. ಈ ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿ ಹಿಂದೂಸ್ತಾನಿಯಲ್ಲಿ ಪಳಗಿದ ಕಂಠದಿಂದ ವಚನಗಳನ್ನು ಹಾಡಿದರು. ನಗರದ ರಂಗಮಂದಿರಕ್ಕೆ ಅವರದೇ ಹೆಸರು.

ಅಂಕಿತಕ್ಕೆ ಎದುರು ದಿಕ್ಕಿನಿಂದ ಬಂದದ್ದು ಗಜಲಿನ ‘ತಖಲ್ಲುಸ್’. ಕೊನೆಯ ದ್ವಿಪದಿಯಲ್ಲಿ ಕವಿ ತಾನೇ ಆರಿಸಿಕೊಂಡ ಹೆಸರನ್ನು ಇಡುತ್ತಾನೆ. ಈ ಅರಬ್ಬಿ ಪದದ ಒಡಹುಟ್ಟುಗಳು ನಮಗೆ ಚೆನ್ನಾಗಿ ಗೊತ್ತು: ಕೋರ್ಟಿನಲ್ಲಿ ಆರೋಪಿಗೆ ಸಿಗುವ ‘ಖುಲಾಸೆ’, ಡಬ್ಬಿಯ ಸಕ್ಕರೆ ಮುಗಿದಾಗ ಅನ್ನುವ ‘ಖಲಾಸ್’. ಮೂರರ ಧಾತುವೂ ಒಂದೇ. ಬಿಡುಗಡೆ ಅದರ ಅರ್ಥ. ಅಂಕಿತ ಬರೆ ಹಾಕಿ ಕಟ್ಟುತ್ತದೆ, ತಖಲ್ಲುಸ್ ಬಿಚ್ಚಿ ಬಿಡುತ್ತದೆ. ಎರಡೂ ಕೂರುವ ಜಾಗ ಮಾತ್ರ ಒಂದೇ, ಪದ್ಯದ ತುದಿ. ಹಾಗಾಗಿ ದಾಸರ ಪದ ಕೇಳಿ ಬೆಳೆದ ಕಿವಿಗೆ ಗಜಲು ತೀರ ಪರಕೀಯವಾಗಿ ಕೇಳಿರಲಿಕ್ಕಿಲ್ಲ. ರಾಯಚೂರು ತಾಲ್ಲೂಕಿನ ಹೆಂಬೆರಾಳಿನ ಶಾಂತರಸರು ಉರ್ದುವಿನ ಈ ಪ್ರಕಾರವನ್ನು ಕನ್ನಡದಲ್ಲಿ ನೆಲೆಗೊಳಿಸಲು ವರ್ಷಗಟ್ಟಲೆ ದುಡಿದರು. 2006ರ ಬೀದರ್ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರದಾಗಿತ್ತು. ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ಕನ್ನಡ ಗಜಲಿನಲ್ಲಿ ತಮ್ಮದೇ ದನಿ ಕಂಡುಕೊಂಡರು. ಇಂದು ರಾಯಚೂರಿನ ಕವಿಗೋಷ್ಠಿಯಲ್ಲಿ ಗಜಲಿಲ್ಲದಿದ್ದರೆ ಊಟಕ್ಕೆ ಉಪ್ಪಿನಕಾಯಿ ಮರೆತಂತೆ.

ಕೆಳಗೆ ಬೀಳುವುದನ್ನು ಅಂಕಿತ ಎನ್ನಿ, ಮುದ್ರೆ ಎನ್ನಿ, ತಖಲ್ಲುಸ್ ಎನ್ನಿ, ದಫ್ತರಿನವರಂತೆ ದಸ್ಕತ್ತು ಎನ್ನಿ. ಅದು ಬೀಳುವವರೆಗೆ ಖಯಾಲಿ ಬಂದು ಹೋಗುವ ನೆರಳು. ಬಿದ್ದಮೇಲೆ ಅದು ಆಳಿನ ಹೆಸರು.

ಈಚೆಗೆ ಹುಡುಗರ ಬಾಯಲ್ಲಿ ಖಯಾಲಿಯ ಜಾಗಕ್ಕೆ ‘ಕ್ರೇಜು’ ಬಂದಿದೆ. ಇಂಗ್ಲಿಷಿನಲ್ಲಿ ಆ ಪದದ ಹಳೆಯ ಅರ್ಥ ಬಿರುಕು ಬಿಡುವುದು, ಚೂರಾಗುವುದು. ಪಿಂಗಾಣಿಯ ಮೆರುಗು ಸೀಳಿದರೆ ಅವರು ಈಗಲೂ ಹಾಗೆಯೇ ಅನ್ನುತ್ತಾರೆ. ಕ್ರೇಜು ಒಂದೇ ದಿನ ಊರಿಗೆಲ್ಲ ಬರುತ್ತದೆ, ಒಂದೇ ದಿನ ಊರಿಗೆಲ್ಲ ಇಳಿಯುತ್ತದೆ. ಅದರ ಕೆಳಗೆ ಯಾರಾದರೂ ಅಂಕಿತ ಹಾಕಿದ್ದನ್ನು ನಾನಿನ್ನೂ ಕಂಡಿಲ್ಲ.